ಹಿತ್ತಾಳೆ ಕಿವಿ

ಆ ಕೊಳವೆ ಮಾಡಿಕೊಟ್ಟವನು ನಾನೇ.
ಇಪ್ಸ್‌ವಿಚ್ಚಿನ ರೈಲು ಕಾರ್ಖಾನೆಯಲ್ಲಿ
ಕೆಟ್ಟು ಬಿದ್ದಿದ್ದ ಎಂಜಿನ್ನೊಂದರ ಸೀಟಿ ಕತ್ತರಿಸಿ,
ಊಟದ ಬಿಡುವಿನಲ್ಲಿ ಮೇಸ್ತ್ರಿಯ ಕಣ್ಣು ತಪ್ಪಿಸಿ
ಬಡಿದು, ಬೆಸೆದು, ಬೂದಿ ಹಾಕಿ ತಿಕ್ಕಿ
ಡೂಗಲ್ಡ್ ರಾಂಕಿನ್ನನ ಕೈಗಿಟ್ಟೆ.
ಬಲಗಿವಿಗೆ ಹಿಡಿದು ನೋಡಿದ.
"ಮಳೆ ಬರ್ತಿದೆಯಾ?" ಅಂದ.
ತಗಡಿನ ಮಾಡಿನ ಮೇಲೆ
ಬೆಳಗಿನಿಂದ ಸುರಿಯುತ್ತಲೇ ಇತ್ತು.

ಗ್ರೀನಕ್ಕಿನಿಂದ ಬಂದವನು. ಹಡಗಿನಲ್ಲಿ ಏಳು ವಾರ.
ಒಂದು ಸುತ್ತಿಗೆ, ಅಪ್ಪನ ಬೂಟು,
ಬೂಟಿನೊಳಗೆ ತುರುಕಿದ ಓಟ್ಸ್ ಹಿಟ್ಟಿನ ಗಂಟು.
ಇಲ್ಲಿ ಬಾಯ್ಲರಿನ ಹೊಟ್ಟೆಯೊಳಗೆ ಮಂಡಿಯೂರಿ
ಕೆಂಡದಂಥ ರಿವೆಟ್ಟನ್ನು ಒತ್ತಿ ಹಿಡಿಯುವ ಕೆಲಸ;
ಹೊರಗಿನಿಂದ ಇಬ್ಬರು ಬಡಿಯುವರು.
ಇಗರ್ಜಿಯ ಗಂಟೆಯೊಳಗೆ ತಲೆಯಿಟ್ಟು ಬದುಕಿದ ಹಾಗೆ,
ಹನ್ನೆರಡು ವರ್ಷ.
ಮೊದಲು ಹಕ್ಕಿಗಳು ಹೋದವು, ಆಮೇಲೆ ಹೆಂಗಸರ ದನಿ,
ಕೊನೆಗೆ ಮಗಳ ಅಳು.
ಇಸೊಬೆಲ್ ಅವನನ್ನು ಕರೆಯಬೇಕಾದರೆ
ಹಿಮ್ಮಡಿಯಿಂದ ನೆಲದ ಹಲಗೆ ಕುಟ್ಟುವಳು,
ಅವನು ಅಂಗಾಲಿನಿಂದ ಕೇಳುವನು.

ಕಿವುಡ ಹೇಗೆ ಸಂಘದ ಮುಖಂಡನಾದ ಎನ್ನುತ್ತೀರಿ.
ಕಿವುಡನಾದ್ದರಿಂದಲೇ ಆದ.
ಮೇಲಿನವರು ಮೆತ್ತಗೆ ಆಡುವ ಮಾತು ಅವನನ್ನು ಮುಟ್ಟುತ್ತಿರಲಿಲ್ಲ.
"ನೋಡು ರಾಂಕಿನ್, ನಿನಗೊಂದು ಮೇಸ್ತ್ರಿ ಕೆಲಸ..."
ಎಂದು ಮ್ಯಾನೇಜರು ಪಿಸುಗುಟ್ಟಿದರೆ
"ಗಟ್ಟಿಯಾಗಿ ಹೇಳಿ ಸ್ವಾಮೀ!" ಎಂದು ಗುಡುಗುವನು,
ಶೆಡ್ಡಿಗೆ ಶೆಡ್ಡೇ ಕತ್ತೆತ್ತಿ ನೋಡುವಂತೆ.
ಗಟ್ಟಿಯಾಗಿ ಹೇಳಲಾಗದ್ದು ಅಲ್ಲೇ ಸಾಯುತ್ತಿತ್ತು.

ಮುಷ್ಕರದ ಒಂಬತ್ತನೆಯ ವಾರ
ನಮ್ಮೆಲ್ಲರ ಒಲೆಯಲ್ಲಿ ಬೆಕ್ಕು ಮಲಗಿತ್ತು.
ಬ್ರೆಮರ್ ಹೊಳೆದಂಡೆಯ ತೋಟದಿಂದ ಲಮ್ ಕೀ
ಕೋಲಿನ ಎರಡು ತುದಿಗೆ ಬುಟ್ಟಿ ತೂಗಿಸಿಕೊಂಡು ಬರುವನು.
ಕೋಸು, ಮೂಲಂಗಿ. ಹೊಸಿಲಿಗೊಂದು ಕಟ್ಟು.
ಲೆಕ್ಕ ಅವನ ಲಿಪಿಯಲ್ಲಿ, ರಾಂಕಿನ್ನನ ಹಿತ್ತಿಲ ಗೋಡೆಯ ಮೇಲೆ,
ಇದ್ದಿಲಿನಲ್ಲಿ.
"ಗೆದ್ದ ಮೇಲೆ ಕೊಡಿ" ಅನ್ನುವನು.

ಗೆದ್ದೆವು ಅನ್ನಲೇ? ದಿನಕ್ಕೆ ಆರು ಪೆನ್ನಿ ಹೆಚ್ಚು.
ಮೂವತ್ತು ಜನಕ್ಕೆ ಗೇಟು ಮುಚ್ಚಿತು, ರಾಂಕಿನ್ ಮೊದಲಿಗ.
ಮುಂದಿನ ವರ್ಷ ಚುನಾವಣೆಗೆ ನಿಂತ.

ಬ್ರಿಸ್ಬೇನಿನ ಶಾಸನಸಭೆ. ಹಿಂದಿನ ಬೆಂಚು,
ಎರವಲು ಕೋಟು, ಕಿವಿಯಲ್ಲಿ ನನ್ನ ಕೊಳವೆ.
ಆಳುವವರ ಕಿವಿ ಹಿತ್ತಾಳೆಯದಾಗಬಾರದು ಅನ್ನುತ್ತಾರೆ;
ನಾವಂತೂ ಕೈಯಾರೆ ಮಾಡಿ ಕಳಿಸಿದ್ದೆವು.
ಎದುರಿನವರು ಕೊರೆಯತೊಡಗಿದರೆ
ಕೊಳವೆ ತೆಗೆದು ಕಿಸೆಗಿಡುವನು. ನಾವು ಬಿದ್ದು ಬಿದ್ದು ನಗುವೆವು.
ಬೆರಳು ಹೋದವನಿಗೆ ಪರಿಹಾರ ತಂದ.
ಬಾಯ್ಲರಿನೊಳಗಿನ ಹುಡುಗರ ಕಿವಿಗೆ ಹತ್ತಿ ಕೊಡಬೇಕೆಂದು
ಒಂದೇ ಒಂದು ಸಾಲು ಸೇರಿಸಲು ಹೋಗಿ
ನಾಲ್ಕು ಮತದಿಂದ ಸೋತ.

ಆಮೇಲೆ ಆ ಇನ್ನೊಂದು ಮಸೂದೆ:
ಬಿಳಿಯರಲ್ಲದವರಿಗೆ ಗೇಣಿಗೆ ನೆಲ ಕೊಡಕೂಡದು.
ಕೇಳಿದ್ದು ನಮ್ಮದೇ ಸಂಘ. ಸುಳ್ಳೇಕೆ, ನನ್ನ ಸಹಿಯೂ ಇತ್ತು.
ಗ್ಯಾಲರಿಯಲ್ಲಿ ಕೂತು ನೋಡಿದೆ.
ಎದುರು ಪಕ್ಷದ ಮುದುಕನೊಬ್ಬ ಎದ್ದು
ಹೊಳೆದಂಡೆಯ ತರಕಾರಿಯವರ ಬಗ್ಗೆ ಏನೋ ಹೇಳುತ್ತಿದ್ದ.
ಕೊಳವೆ ಕಿಸೆಯಲ್ಲಿತ್ತು.
ಮತಕ್ಕೆ ಗಂಟೆ ಬಾರಿಸಿತು; ಅದೂ ಅವನಿಗೆ ಕೇಳಿಸಲಿಲ್ಲ.
ಪಕ್ಕದವನು ಮೊಣಕೈಯಲ್ಲಿ ತಿವಿದ.
ಎದ್ದು, ಹೌದು ಎನ್ನುವವರ ಸಾಲಿಗೆ ನಡೆದು ನಿಂತ.
ನಾನು ಟೋಪಿ ಮಡಚುತ್ತ ಕೂತಿದ್ದೆ.

ಲಮ್ ಕೀ ಗಾಡಿ ಹೇರಿಕೊಂಡು ಹೊರಟ ದಿನ
ರಾಂಕಿನ್ ಗೇಟಿನ ಬಳಿ ಕಾದಿದ್ದ, ಕೊಳವೆ ಕಿವಿಗೆ ಹಿಡಿದು.
ಲಮ್ ಕೀ ಏನೂ ಹೇಳಲಿಲ್ಲ.
ಗಾಡಿ ತಿರುವಿನಲ್ಲಿ ಮರೆಯಾದ ಮೇಲೂ
ಇವನು ಹಿಡಿದೇ ಇದ್ದ.

ಅವನು ಹೋಗಿ ಮೂರು ವರ್ಷ.
ಇಸೊಬೆಲ್ ಈಗ ಆ ಕೊಳವೆಯಲ್ಲಿ
ದೀಪಕ್ಕೆ ಸೀಮೆಎಣ್ಣೆ ಸುರಿಯುತ್ತಾಳೆ.
ಹಿತ್ತಿಲ ಗೋಡೆಗೆ ಬಣ್ಣ ಬಳಿಯಲು ಅಳಿಯನನ್ನು ಬಿಡಳು.
ಆ ಇದ್ದಿಲ ಗೆರೆಗಳು ನಮಗಾರಿಗೂ ಓದಲು ಬರುವುದಿಲ್ಲ,
ಎಷ್ಟು ತೀರಿಸಿದೆವೋ, ಎಷ್ಟು ಬಾಕಿಯೋ.